ಬೀಗರ ಕಂಪ್ಯೂಟರಿನೊಳಗಿನ ಅಜ್ಜ

ನಮ್ಮ ಬೀಗರು ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಸಾಕಿದ್ದಾರೆ! ದನ ಸಾಕಿದವರನ್ನ ನೋಡಿದ್ದೀನಿ, ಜೇನು ಸಾಕಿದವರನ್ನ ನೋಡಿದ್ದೀನಿ, ಕಣ್ಣಿಗೆ ಕಾಣದ್ದನ್ನ ಸಾಕುವವರನ್ನ ಕಂಡಿದ್ದು ಇವರೊಬ್ಬರನ್ನೇ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ. ಮೊಮ್ಮಗಳು ಮಡಿಲಲ್ಲಿ ಕೂತು ಪೆನ್ನು ಕಸೀತಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಅದು ಅವಳ ಕೆಲಸ! ಎಂತ ಖುಷಿ ಅಂತೀರಿ! ಆದರೆ ಹೇಳಲಿಕ್ಕೆ ಹೊರಟಿದ್ದು ಖುಷಿಯ ದಿನದ ಮಾತಲ್ಲ.

ಬೀಗರದ್ದು ತೀರ್ಥಹಳ್ಳಿ ಪೇಟೆಯಲ್ಲಿ ಮದುವೆ ಕಾಗದ ಅಚ್ಚು ಹಾಕುವ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾವು ಹೊಸನಗರದಿಂದ ಸಂಬಂಧ ನೋಡಲು ಹೋದರೆ ಇವರು ಮನೆ ತೋರಿಸಲಿಲ್ಲ, ಮಗನ ಗುಣ ಹೇಳಲಿಲ್ಲ, ಲ್ಯಾಪ್‌ಟಾಪ್ ತೆರೆದು ಕೂತರು. ಪರದೆಯೊಳಗೆ ಇನ್ನೊಂದು ಪರದೆ!

"ಇವನು ಅಜ್ಜ," ಅಂದರು. "ನನ್ನ ಹಳೇ ಕಂಪ್ಯೂಟರ್. ಕಾಗದದ ಅಕ್ಷರ ಎಲ್ಲ ಇವನತ್ರ. ಹೊಸದರಲ್ಲಿ ಆ ಪ್ರೋಗ್ರಾಮು ಓಡಲ್ಲ ಅಮ್ಮೋರೆ. ಅದಕ್ಕೆ ಇವನನ್ನೇ ಇದರೊಳಗೆ ಇಟ್ಕೊಂಡಿದೀನಿ. ಪೆಟ್ಟಿಗೆ ಹೋಯ್ತು, ಜೀವ ಉಳೀತು."

"ಅಜ್ಜ ಹೊರಗೆ ಬರಲ್ವಾ?" ಅಂದೆ. ಏನಾದರೂ ಮಾತಾಡಬೇಕಲ್ಲ!

ಬೀಗರ ಮುಖ ಅರಳಿತು. ನನ್ನನ್ನ ಅರ್ಧ ಗಂಟೆ ಬಿಡಲಿಲ್ಲ. ಲ್ಯಾಪ್‌ಟಾಪಿಗೆ ಎರಡು ಬಾಗಿಲಂತೆ, ವೈರಿನದ್ದೊಂದು, ವೈಫೈದೊಂದು. ಲ್ಯಾಪ್‌ಟಾಪೇ ಯಜಮಾನ. ಒಳಗಿನವನಿಗೆ ಸ್ವಂತ ಬಾಗಿಲಿಲ್ಲ, ಇವುಗಳನ್ನೇ ಕೊಡಬೇಕು. "ಯಜಮಾನನ ಚಪ್ಪಲಿ ಮೆಟ್ಕೊಂಡು ಹೋಗು ಅನ್ನಬಹುದು, ಆಗ ಊರವರಿಗೆ ಯಜಮಾನನೇ ಬಂದ ಹಾಗೆ ಕಾಣತ್ತೆ. ಇಲ್ಲ, ಹಳ್ಳ ದಾಟೋಕೆ ಹಾಕ್ತಾರಲ್ಲ, ಹಾಗೆ ಬಾಗಿಲಿಂದ ಆಚೆಗೆ ಒಂದು ಸಂಕ ಹಾಕಿ, ನಿನ್ನ ಹೆಸರು ನೀನೇ ಹೇಳ್ಕೊಂಡು ತಿರುಗು ಅನ್ನಬಹುದು."

"ಅಜ್ಜಂಗೆ ಯಾವುದು ಕೊಟ್ಟಿದೀರಿ?"

"ಎಂತದೂ ಇಲ್ಲ! ಹಳೇ ಜೀವ, ಹೊರಗೆ ಕಾಲಿಟ್ರೆ ವೈರಸ್ ಹತ್ತತ್ತೆ. ಇವನು ಹೋದ್ರೆ ನನ್ನ ಅಂಗಡಿ ಹೋಯ್ತು."

ಅಜ್ಜನನ್ನೇ ಹೊರಗೆ ಬಿಡದ ಮನೆ, ಸೊಸೆಯನ್ನ ತವರಿಗೆ ಬಿಡತ್ತಾ? ಬರುವಾಗ ಬಸ್ಸಿನಲ್ಲಿ ನನಗೆ ಅದೇ ಚಿಂತೆ!

ನಿಶ್ಚಿತಾರ್ಥದ ದಿನ ಹೋಳಿಗೆಗೆ ತುಪ್ಪ ಬಡಿಸುವಾಗ ಎಲ್ಲೋ ದೂರದಲ್ಲಿ ಗುಡುಗಿತು. ಗುಡುಗಿದರೆ ವೈರ್ ಕೀಳೋದು ನಮ್ಮ ಕಡೆ ಎಲ್ಲರೂ ಮಾಡೋದೇ. ಆದರೆ ಬೀಗರು ಎಂಜಲು ಕೈಯಲ್ಲಿ ಪಂಕ್ತಿ ಬಿಟ್ಟು ಓಡೋದೇ? ನೆಟ್ಟಿನ ವೈರ್ ಕಿತ್ತರು, ಟಿವಿಯದ್ದು ಕಿತ್ತರು, ಅದೇ ರಭಸದಲ್ಲಿ ಅಡಿಗೆಮನೆಗೆ ನುಗ್ಗಿ ಗ್ರೈಂಡರಿನದ್ದೂ ಕಿತ್ತರು. ಸಿಡಿಲು ಬೀಳಲಿಲ್ಲ. ಎರಡನೇ ಪಂಕ್ತಿಗೆ ಚಟ್ನಿಯೂ ಬೀಳಲಿಲ್ಲ!

ಇನ್ನು ಮುಂದೆ ನಗುವಂಥದ್ದು ಕಮ್ಮಿ.

ಮದುವೆಯಾಯಿತು, ಮಗಳು ಬಸುರಿಯಾದಳು. ತಿಂಗಳು ತುಂಬುವ ಮೊದಲೇ ಅವಳಿಗೆ ಬಿ.ಪಿ. ಏರಿತು. ಸಾಗರದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ನನ್ನ ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಅದನ್ನ ಕೆಳಗಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದರು, ಮಗಳನ್ನ ಮೇಲಿನ ವಾರ್ಡಿನಲ್ಲಿ. ಅವಳು ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಮಗುವಿನ ಕೋಣೆಗೆ ನಾವು ಹೋಗುವ ಹಾಗಿಲ್ಲ, ಫೋನ್ ಒಯ್ಯುವ ಹಾಗಿಲ್ಲ. ಅಳಿಯ ಔಷಧಿಗೆ ಅಂತ ಶಿವಮೊಗ್ಗಕ್ಕೆ ಓಡಿದ್ದರು.

"ಮಗು ಹೇಗಿದೆ ಅಮ್ಮ?"

"ಚೆನ್ನಾಗಿದೆ ಮಗಾ. ನಿದ್ದೆ ಮಾಡ್ತಿದೆ."

ಅಷ್ಟೇ! ಮಗಳು ಗೋಡೆ ಕಡೆ ತಿರುಗಿದಳು. ಹಸಿ ಬಾಣಂತಿಗೆ ಕೆಟ್ಟ ಸುದ್ದಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹಿಂದೆ ಅವಳ ಅತ್ತಿಗೆಯ ಮಗು ಹುಟ್ಟಿದ ದಿನವೇ ತೀರಿಕೊಂಡಾಗ, ಮನೆಮಂದಿಯೆಲ್ಲ ಆ ತಾಯಿಗೆ "ನಿದ್ದೆ ಮಾಡ್ತಿದೆ" ಅಂತಲೇ ಹೇಳಿದ್ದು. ಹಾಗೆ ಹೇಳಿದವರಲ್ಲಿ ನನ್ನ ಮಗಳೂ ಒಬ್ಬಳು.

"ಆ ನಿದ್ದೆ ನಂಗೊತ್ತಮ್ಮ," ಅಂದಳು.

ಹುಟ್ಟಿದ ಕೂಡಲೇ ತೆಗೆದ ಫೋಟೋ ತೋರಿಸಿದೆ. "ಆಗ ಇತ್ತು. ಈಗ?" ಗಂಜಿ ಮುಟ್ಟಲಿಲ್ಲ. ಸಿಸ್ಟರ್ ಹಾಲು ಹಿಂಡಿ ಕೊಡು ಅಂದರೆ, "ಯಾರಿಗೆ ಅಂತ ಕೊಡ್ಲಿ?" ಕೆಳಗೆ ಮಗುವಿಗೆ ಆ ಹಾಲೇ ಬೇಕು. ತಾಯಿ ಹೀಗೇ ಕೂತರೆ ಇಬ್ಬರಿಗೂ ಕಷ್ಟ ಅಂತ ಡಾಕ್ಟರು ಅಂದುಬಿಟ್ಟರು. ನಾನು ದೇವರಾಣೆ ಹಾಕಿದೆ. ಅತ್ತಿಗೆಯ ಮುಂದೆಯೂ ದೇವರಾಣೆ ಹಾಕಿದ್ದರಲ್ಲ, ಇವಳು ನೋಡಿದ್ದಳು! ಸತ್ಯ ಕೈಯಲ್ಲಿ ಹಿಡಿದುಕೊಂಡು ಯಾರಿಗೂ ಕೊಡಲಾಗದೆ ನಿಂತೆ.

ಬೀಗರು ಹೊರಗಿನ ಬೆಂಚಿನಲ್ಲಿ ಲ್ಯಾಪ್‌ಟಾಪಿನ ಚೀಲ ತಬ್ಬಿಕೊಂಡು ಕೂತಿದ್ದರು. ಸಿಸ್ಟರ್ ಹೋಗುತ್ತ ಹೇಳಿದರು, "ಆ ಕೋಣೇಲಿ ಕ್ಯಾಮೆರಾ ಇದೆ ಅಮ್ಮ. ಆದ್ರೆ ಅದನ್ನ ನೋಡೋ ಕಂಪ್ಯೂಟರ್ ಕೆಟ್ಟೋಗಿದೆ. ಹೊಸದರಲ್ಲಿ ಆ ಹಳೇ ಪ್ರೋಗ್ರಾಮು ಓಡಲ್ಲ."

ಬೀಗರು ಎದ್ದು ನಿಂತರು. "ನನ್ನ ಚೀಲದಲ್ಲಿ ಅಜ್ಜ ಇದ್ದಾನೆ."

ಸಿಸ್ಟರ್ ಚೀಲ ನೋಡಿದರು, ನನ್ನ ಮುಖ ನೋಡಿದರು. "ರೋಗಿ ಜೊತೆ ಇಬ್ಬರಿಗಿಂತ ಹೆಚ್ಚು ಇರೋ ಹಾಗಿಲ್ಲ," ಅಂದರು!

ಡಾಕ್ಟರು ಒಪ್ಪಿದರು. ಆ ಕೋಣೆಯಲ್ಲಿ ಆಗ ನಮ್ಮದೊಂದೇ ಮಗು. ವಾರ್ಡಿನ ಬಾಗಿಲ ಪಕ್ಕದ ಗೋಡೆಯಿಂದ ಆಸ್ಪತ್ರೆಯ ನೆಟ್ ವೈರ್ ಎಳೆದು ಬೀಗರು ನೆಲದಲ್ಲೇ ಕೂತರು. ಆಸ್ಪತ್ರೆಯ ಆ ಪ್ರೋಗ್ರಾಮನ್ನ ಅಜ್ಜನೊಳಗೆ ಹಾಕಿ, ಅವನನ್ನ ಯಜಮಾನನ ಚಪ್ಪಲಿಯಲ್ಲಿ ಕಳಿಸಿದರು. ಆಗಲಿಲ್ಲ. ಆ ಹಳೇ ಪ್ರೋಗ್ರಾಮು ಕ್ಯಾಮೆರಾವನ್ನ ಕೂಗಿ ಹುಡುಕುವಂಥದ್ದಂತೆ, ಯಜಮಾನನ ಬೆನ್ನ ಹಿಂದಿನಿಂದ ಕೂಗಿದರೆ ಆಚೆಗೆ ಕೇಳಲ್ಲವಂತೆ. "ಸಂಕವೇ ಆಗ್ಬೇಕು," ಅಂದರು. ಅಷ್ಟರಲ್ಲಿ ಗುಡುಗಿತು. ಸಂಕ ಹಾಕಿದರು. ಪರದೆ ಕಪ್ಪು. ಮತ್ತೆ ಹಾಕಿದರು. ಕಪ್ಪು. ಒಳಗೆ ಮಗಳು, "ನೋಡಿದ್ರಾ? ತೋರ್ಸಕ್ಕೆ ಮಗುನೇ ಇಲ್ಲ," ಅಂತ ಅಳದೆ ಹೇಳಿದಳು. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸಂಕ ಸರಿ ಇದೆ ಅಮ್ಮೋರೆ," ಬೀಗರು ಬೆವರುತ್ತಿದ್ದರು. "ವೈರಿನ ಬಾಗಿಲಿಗೇ ಹಾಕಿದೀನಿ, ನೋಡಿ ಬೇಕಾದ್ರೆ!" ಅಂತ ಕೈ ಎತ್ತಿದರು.

ವೈರು ಆ ಕೈಯಲ್ಲೇ ಇತ್ತು! ಗುಡುಗು ಕೇಳಿದ್ದೇ ತಮಗೂ ಗೊತ್ತಿಲ್ಲದೆ ಕಿತ್ತು ಹಿಡಿದುಕೊಂಡಿದ್ದರು ಪುಣ್ಯಾತ್ಮರು. ಸಂಕಕ್ಕೆ ಆಚೆ ದಡವೇ ಇರಲಿಲ್ಲ.

ಮತ್ತೆ ಗುಡುಗಿತು, ಈ ಸಲ ಕಿಟಕಿ ಗಾಜು ನಡುಗುವ ಹಾಗೆ. ನನಗೇ ಭಯವಾಯಿತು. "ಬೀಗ್ರೇ, ಸಿಡಿಲು ಹೊಡೆದ್ರೆ ಅಜ್ಜ ಸುಟ್ಟು ಹೋಗ್ತಾನೆ. ಅಂಗಡಿ?"

"ಹೋಗ್ಲಿ," ಅಂದರು. ಕಣ್ಣು ಮುಚ್ಚಿ ವೈರ್ ಚುಚ್ಚಿದರು.

ಪರದೆ ಬೆಳಗಿತು. ಗಾಜಿನ ಪೆಟ್ಟಿಗೆ, ಒಳಗೆ ಬಟ್ಟೆ ಟೋಪಿ, ಟೋಪಿಯೊಳಗೆ ನಮ್ಮ ಕೂಸು. ವೈರು ಗಿಡ್ಡ, ಮಗಳ ಮಂಚದ ತನಕ ಬರಲಿಲ್ಲ. ಬೀಗರು ಬಾಗಿಲಲ್ಲೇ ನಿಂತು, ಲ್ಯಾಪ್‌ಟಾಪ್ ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದರು.

ಮಗಳು ನೋಡಿದಳು. "ಇದೂ ಮುಂಚೆ ತೆಗೆದಿದ್ದು ಇರಬಹುದು. ಸಿಸ್ಟರ್ ಈಗ ಒಳಗೆ ಹೋಗಿ ಅದರ ಪಾದ ಮುಟ್ಟಲಿ."

ಸಿಸ್ಟರ್ ಮೆಟ್ಟಿಲಿಳಿದು ಓಡಿದರು. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಗ್ಲೌಸ್ ಹಾಕಿದ ಕೈ ಬಂತು. ಪಾದ ಮುಟ್ಟಿತು. ಮಗು ಅಲುಗಲಿಲ್ಲ. ಕೈ ಇನ್ನೊಮ್ಮೆ ಮುಟ್ಟಿತು. ಮಗು ಬೆರಳಿನಷ್ಟು ಕಾಲು ಝಾಡಿಸಿ ಒಳಗೆಳೆದುಕೊಂಡಿತು!

"ಅಯ್ಯೋ, ನಿಧಾನ! ಕೈ ತಣ್ಣಗಿರತ್ತೆ!" ಅಂತ ಮಗಳು ಪರದೆಗೆ ಬೈದಳು. ಆಮೇಲೆ ಜೋರಾಗಿ ಅತ್ತಳು. ಅಳುತ್ತಲೇ, "ಅಮ್ಮ, ಆ ಗಂಜಿ ಕೊಡು," ಅಂದಳು.

ಅವಳು ಪರದೆಯಿಂದ ಕಣ್ಣು ತೆಗೆಯದೆ ಉಂಡಳು. ಬೀಗರ ತೋಳು ನಡುಗುತ್ತಿತ್ತು. "ತಾಳಿ ಬೀಗ್ರೇ, ಸ್ಟೂಲ್ ತರ್ತೀನಿ. ಅದರ ಮೇಲೆ ಇಡಿ," ಅಂದೆ.

"ಬ್ಯಾಡ ಅಮ್ಮೋರೆ," ಅಂದರು. "ಮೊಮ್ಮಗಳನ್ನ ಈಗಷ್ಟೇ ಎತ್ಕೊಂಡಿದೀನಿ."