ಶ್ರೀಪಾದನ ಲೇಸರಿಗೆ ನಾನೇ ಸಾಕ್ಷಿ

ಛಲ ದೊಡ್ಡ ಗುಣವೆಂದು ಮಕ್ಕಳಿಗೆ ಹತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಆದರೆ ಛಲವಂತನ ಪಕ್ಕದ ಮನೆಯಲ್ಲಿ ಬಾಡಿಗೆಗಿರುವವನು ಏನು ಮಾಡಬೇಕೆಂದು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಬಾದಾಮಿಯಲ್ಲಿ ನನ್ನ ಪಕ್ಕದ ಮನೆಯವನು ಶ್ರೀಪಾದ. ಒಂದೇ ಹೈಸ್ಕೂಲಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ, ಅವನು ವಿಜ್ಞಾನ. ಊರಿಗೆ ಇನ್ನೂ ಟೀವಿಯೇ ಬಂದಿಲ್ಲ, ಇವನು ಯಾವುದೋ ಇಂಗ್ಲಿಷ್ ಪತ್ರಿಕೆ ಓದಿ ಮನೆಯಲ್ಲೇ ಲೇಸರ್ ತಯಾರಿಸಲು ಹೊರಟ. ಲೇಸರ್ ಎಂದರೆ ಬೆಳಕನ್ನೆಲ್ಲ ಶಿಸ್ತಾಗಿ ಒಂದೇ ಸಾಲಿನಲ್ಲಿ ಕಳಿಸುವ ಯಂತ್ರವಂತೆ. ಎಂಟನೆಯ ಇಯತ್ತೆಯ ಹುಡುಗರನ್ನು ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಲಾಗದವನು ಬೆಳಕಿಗೆ ಶಿಸ್ತು ಕಲಿಸಲು ಹೊರಟದ್ದನ್ನು ನಾನು ಮನಸಾರೆ ಮೆಚ್ಚಿದೆ.

ಕೆರೂರಿನ ಅಂಗಡಿಯಿಂದ ಚಹಾ ಪೆಟ್ಟಿಗೆಯೊಳಗಿನ ತೆಳು ಲೋಹದ ಬೇಗಡೆ ಬಂತು. ಬಾಗಲಕೋಟೆಯ ಗುಜರಿಯಿಂದ ಹಳೆಯ ಜೀಪಿನ, ಕಿಡಿ ಹಾರಿಸುವ ಕಾಯಿಲ್ ಬಂತು. ಯಂತ್ರ ಸಮತಟ್ಟಾಗಿ ಕೂರಲೆಂದು ಇಳಕಲ್ಲಿನಿಂದ ಪಾಲಿಶ್ ಮಾಡಿದ ಕಲ್ಲಿನ ಹಲಗೆಯೊಂದನ್ನು ಇಬ್ಬರೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆವು. ಹುನಗುಂದದಲ್ಲಿ ಕಂಡಕ್ಟರ್ ಬಗ್ಗಿ ನೋಡಿ, “ಯಾರ ಹೆಸರು ಕೆತ್ತಸ್ತೀರಿ ಸರ?” ಎಂದು ಮೆಲ್ಲಗೆ ಕೇಳಿದ. ಬೇಗಡೆಯ ಹಾಳೆಗಳ ನಡುವೆ ವಿದ್ಯುತ್ತು ದಾಟದಂತೆ ಇಡಲು ದವಾಖಾನೆಯ ಹಳೆಯ ಎಕ್ಸ್‌-ರೇ ಹಾಳೆಗಳು. ಮೊದಲ ಯಂತ್ರದಲ್ಲಿ ಕಿಡಿ ಯಾರದೋ ಮೂರನೆಯ ಪಕ್ಕೆಲುಬನ್ನು ತೂತು ಮಾಡಿತು. ಎರಡನೆಯದರಲ್ಲಿ ಇನ್ನಾರದೋ ಮೊಣಕಾಲನ್ನು. ಆರನೆಯದರ ಹೊತ್ತಿಗೆ ತಾಲೂಕಿನ ಅರ್ಧ ಎಲುಬುಗಳು ಸುಟ್ಟಿದ್ದವು, ಲೇಸರ್ ಮಾತ್ರ ಹುಟ್ಟಿರಲಿಲ್ಲ. ಹುಟ್ಟಿದರೂ ಆ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲವಂತೆ. ಬಿಳಿ ಕಾಗದದ ಮೇಲೆ ನೀಲಿ ಚುಕ್ಕೆ ಮಿನುಗಿದರೆ ಅದೇ ಗುರುತು. “ಕಾಣದ್ದನ್ನ ಹುಡುಕೂದಕ್ಕ ದೇವರಮನಿ ಅದ. ಮತ್ತ ಇದ್ಯಾಕೋ?” ಎಂದರು ಅವನ ತಾಯಿ, ನಮ್ಮ ಓಣಿಗೆಲ್ಲ ಕಾಕು.

ಈ ಯಂತ್ರದ ದುರ್ಗುಣವೆಂದರೆ, ಬಟನ್ ಆರಿಸಿದ ಮೇಲೂ ಬೇಗಡೆಯಲ್ಲಿ ವಿದ್ಯುತ್ತು ಹೊಂಚುಹಾಕಿ ಕೂತಿರುತ್ತದೆ. ತಾಮ್ರದ ತಂತಿ ಸುತ್ತಿದ ಉದ್ದ ಕೋಲು ಮುಟ್ಟಿಸಿ ಅದನ್ನು ಖಾಲಿ ಮಾಡಿದ ಮೇಲೆಯೇ ಕೈಹಾಕಬೇಕು. ಅಂಥ ಒಣ ಕೋಲು ಮನೆಯಲ್ಲಿದ್ದದ್ದು ಒಂದೇ: ಎತ್ತರದ ಗಳದ ಮೇಲೆ ಒಣಗಿದ ಮಡಿಸೀರೆಯನ್ನು ಮುಟ್ಟದೆ ಇಳಿಸುವ ಕಾಕುವಿನ ಮಡಿಕೋಲು.

“ನಿನ್ನ ಯಂತ್ರಕ್ಕೂ ಮಡಿ ಅದ ಏನೋ?” ಎಂದರು ಕಾಕು.

“ಅದವ್ವಾ. ಇದನ್ನ ಮುಟ್ಟಿದವರಿಗೆ ಮಂದೀನ ಸ್ನಾನಾ ಮಾಡಸ್ತಾರ,” ಎಂದ ಮಗ.

ಬಿ.ಎ. ಮಾಡಿದವನಿಗೆ ಬೇರೇನೂ ಬರಲಾರದೆಂದು ಕೋಲು ಹಿಡಿಯುವ ಹುದ್ದೆ ನನಗೆ ಸಿಕ್ಕಿತು.

ಏಳನೆಯ ಯಂತ್ರ ಸಿದ್ಧವಾದದ್ದು ಒಂದು ಭಾನುವಾರ ಬೆಳಿಗ್ಗೆ. ಕಾಯಿಲ್ ಚಟಚಟ ಎಂದಿತು, ಕಾಗದ ಬೆಳ್ಳಗೇ ಉಳಿಯಿತು. ಶ್ರೀಪಾದ ಬಟನ್ ಆರಿಸಿ, ಕನ್ನಡಕ ಒರೆಸುತ್ತ, “ಕೋಲು ಹಚ್ಚಲೇ ವಸಂತ್ಯಾ,” ಎಂದ. ಅದೇ ಹೊತ್ತಿಗೆ ಬಚ್ಚಲಿನಿಂದ ಕಾಕು, “ನನ್ನ ಕೋಲು ಕೊಡ್ರೋ! ನೈವೇದ್ಯಕ್ಕ ಹೊತ್ತಾತು!” ಎಂದು ಕೂಗಿದರು. ಹಿರಿಯರ ಮಾತು ಮೀರದ ಸುಸಂಸ್ಕೃತನಾದ ನಾನು ಕೋಲನ್ನು ಹಚ್ಚದೆಯೇ ಓಡಿಹೋಗಿ ಕೊಟ್ಟೆ. ಹಿಂದೆ ಢಬ್ಬೆಂದಿತು.

ತಿರುಗಿದರೆ ಶ್ರೀಪಾದ ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು, ಎದೆ ಆಡುತ್ತಿರಲಿಲ್ಲ. ವಿದ್ಯಾವಂತನಾದ ನಾನು ಏನು ಮಾಡಿದೆ? ನೋಡಿದೆ. ಈಗಲೂ ಅದನ್ನೇ ನೋಡುತ್ತಿದ್ದೇನೆ. ಚಾಲುಕ್ಯರ ದಂಡಯಾತ್ರೆ ಹೇಳುವಾಗ ಕರಿಹಲಗೆಯ ಮೇಲೆ ಆ ತೆರೆದ ಬಾಯಿ ಬಂದು ನಿಲ್ಲುತ್ತದೆ. ಊಟದ ತನಕ ಸ್ವಂತ ಮೊಮ್ಮಗನನ್ನೂ ಹತ್ತಿರ ಬಿಟ್ಟುಕೊಳ್ಳದ ಕಾಕು ಒದ್ದೆ ಸೀರೆಯಲ್ಲೇ ಓಡಿಬಂದು, ಮಗನ ಎದೆಗೆ ಎರಡೂ ಕೈಯಿಂದ ಗುದ್ದತೊಡಗಿದರು. “ಏಳೋ! ಏಳೋ ಹುಚ್ಚಪ್ಪಾ!” ನಾಲ್ಕನೆಯ ಗುದ್ದಿಗೆ ಅವನು ಕೆಮ್ಮಿದ.

ಕಣ್ಣು ಬಿಟ್ಟು ಮೊದಲು ಕೇಳಿದ್ದು, “ಚುಕ್ಕಿ ಬಂತೇನ?” ಆಮೇಲೆ, “ನೀ ಕೋಲು ಹಚ್ಚಿದ್ದಿ ಹೌದಿಲ್ಲೋ?”

“ಹಚ್ಚಿದ್ದೆ,” ಎಂದೆ.

ಕಾಕು ನನ್ನನ್ನು ನೋಡಿದರು, ಬಾಗಿಲಲ್ಲಿ ತಾವೇ ಬಿಸಾಡಿ ಬಂದ ಕೋಲನ್ನು ನೋಡಿದರು, ಮತ್ತೆ ಸ್ನಾನಕ್ಕೆ ಹೋದರು.

ಆ ಒಂದು ಸುಳ್ಳಿನಿಂದ ವಿಜ್ಞಾನ ಬಹಳ ಮುಂದುವರಿದಿದೆ. ಖಾಲಿ ಮಾಡಿದ ಬೇಗಡೆ ತಾನಾಗಿ ಮತ್ತೆ ತುಂಬಿಕೊಳ್ಳುತ್ತದೆಂದು ಶ್ರೀಪಾದ ಕಂಡುಹಿಡಿದಿದ್ದಾನೆ. ಈಗ ಕೋಲನ್ನು ತಾನೇ ಮೂರು ಸಲ ಹಚ್ಚುತ್ತಾನೆ. ಹೀಗಾಗಿ ನನ್ನ ಸುಳ್ಳೇ ಅವನ ಜೀವ ಕಾಯುತ್ತಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೂ ಖರೆ ಹೇಳಿಬಿಡೋಣವೆಂದು ಮೊನ್ನೆ ಹೋದರೆ, ಎಂಟನೆಯ ಯಂತ್ರದ ಪಕ್ಕದಿಂದ ಆ ಶೋಧ ಬರೆದಿಟ್ಟ ನೋಟುಬುಕ್ಕು ತೆಗೆದು, “ನಿನ್ನಂಥಾ ಭರೋಸದ ಸಾಕ್ಷಿ ಸಿಗೂದಿಲ್ಲಲೇ. ಇಲ್ಲೆ ಸಹಿ ಮಾಡು,” ಎಂದ.

ಮಾಡಿದೆ. ಅಕ್ಷರ ನಡುಗಿತು. ಅವನು ಕನ್ನಡಕ ಏರಿಸಿ ಅದನ್ನೇ ನೋಡಿ, ಪಕ್ಕದಲ್ಲಿ ಬರೆದುಕೊಂಡ: ‘ವಿದ್ಯುತ್ತಿನ ಪರಿಣಾಮ ದೂರ ನಿಂತವರ ಮೇಲೂ ಬಹುದಿನ ಉಳಿಯುತ್ತದೆ.’