ಮಿಸ್ ಕ್ಯಾರೊಲ್ ಮುತ್ತಜ್ಜನ ಚಿತ್ರ

ಅಮೆರಿಕದ ಕಮ್ಮಿಂಗ್ ಊರಿನ ಗುರುರಾಜನ ಆ ದಿನದ ಪಾಡಿಗೆಲ್ಲ ಕಾರಣ ಒಂದು ಚಿಟಿಕೆ ಕುಂಕುಮ.

ಪಕ್ಕದ ಮನೆಯ ಮಿಸ್ ಕ್ಯಾರೊಲ್ ಗೋಡೆಗೆ ಬಣ್ಣ ಹೊಡೆಸುತ್ತಿದ್ದರು. ಮುತ್ತಜ್ಜ ಬರೆದ ಚಿತ್ರವನ್ನು ಒಂದು ದಿನದ ಮಟ್ಟಿಗೆ ಇವನ ಮನೆಯಲ್ಲಿಟ್ಟು ಹೋದರು. ಮುತ್ತಜ್ಜ ಬೆಟ್ಟಬಯಲು, ಹಣ್ಣಿನ ಬುಟ್ಟಿ, ಹಳೆಯ ಕಟ್ಟಡ ಇವನ್ನೇ ಬರೆದು 1889ರಲ್ಲಿ ತೀರಿಕೊಂಡವನು. ಹೆಸರು ಹಾಕುವ ಅಭ್ಯಾಸ ಅವನಿಗಿರಲಿಲ್ಲ. ಚಿತ್ರ ಅವನದೇ ಎಂದು ಖಾತ್ರಿಯಾದರೆ ಮ್ಯೂಸಿಯಂ ಸೇರುತ್ತದೆ. ನೋಡಿ ಹೇಳಲು ಅಲ್ಲಿಂದ ಒಬ್ಬರು ನಾಲ್ಕು ಗಂಟೆಗೆ ಬರುವವರಿದ್ದರು.

ಹತ್ತಕ್ಕೆ ಗುರುರಾಜ ಮೀಟಿಂಗ್ ಮುಗಿಸಿ ಬಂದು ನೋಡಿದರೆ, ಹೊಗೆ ಹಿಡಿದ ಚಿತ್ರದಲ್ಲಿ ಕೋರ್ಟು ಕಟ್ಟಡದ ಬಾಗಿಲಿಗೆ ಕುಂಕುಮ. ಮೈಸೂರಿಂದ ಬಂದಿದ್ದ ಅತ್ತೆ ವಿಜಯಶ್ರೀ ಡಿಶ್‌ವಾಷರಿಗೂ ಕುಂಕುಮ ಇಡದೆ ಬಿಟ್ಟವರಲ್ಲ.

"ಮನೆಗೆ ಹೊಸದಾಗಿ ಬಂದಿದ್ದಕ್ಕೆ ಇಡ್ಬಾರ್ದೇನ್ರೀ? ನೋಡೋಕೂ ದೇವಸ್ಥಾನದ ಥರಾನೇ ಇದೆ."

ಎದುರುಮನೆಯ ಶೀತಲ್ ಬಂದು ಕುಂಕುಮ ಹೋಗಲೆಂದು ಕೊಬ್ಬರಿ ಎಣ್ಣೆ ಸವರಿಸಿದಳು. ಬಾಗಿಲ ಜೊತೆಗೆ ಮೆಟ್ಟಿಲೂ ಕೆಂಪಾಯಿತು. ಆಗ ಬಂದವರು ನಿವೃತ್ತ ಸರ್ಜನ್ ಬಸಲಿಂಗಪ್ಪ ಅಂಕಲ್. ಆಪರೇಶನ್ ಥಿಯೇಟರಿನ ಗತ್ತಿನಲ್ಲೇ ಕೈ ಚಾಚಿ ಚಪಾತಿ ಹಿಟ್ಟು ಕೇಳಿದರು. ಉಂಡೆ ಒತ್ತಿ ತೆಗೆದರೆ ಕುಂಕುಮ ಎದ್ದು ಬಂತು, ಅದರ ಜೊತೆಗೆ ತಲೆಮಾರುಗಳ ಮಸಿಯೂ. ಅಷ್ಟು ಜಾಗ ಮಾತ್ರ ಹೊಸ ಹಲ್ಲು ಕಟ್ಟಿಸಿಕೊಂಡವರ ಬಾಯಿಯಂತೆ ಹೊಳೆಯತೊಡಗಿತು.

"ಇನ್ನು ಪೂರ್ತಿ ಮಾಡ್ಬೇಕಪ್ಪ ಗುರು. ಬೇರೆ ಆಪ್ಷನ್ ಇಲ್ಲ."

ಅತ್ತೆ ನಾದಿದರು, ಗುರುರಾಜ ಒತ್ತಿದ. ಮೂರು ಗಂಟೆಯಲ್ಲಿ ಕಂದು ಆಕಾಶ ನೀಲಿಯಾಯಿತು, ಕಿಟಕಿಯಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಾಣಿಸಿತು. ಮುಂದೇನು ಬರುತ್ತದೋ ಎಂದು ಎಲ್ಲರೂ ಊಟ ಮರೆತು ಬಗ್ಗಿ ನೋಡುತ್ತಿದ್ದರು. ರಸ್ತೆಯ ಮೂಲೆಯ ಕಪ್ಪು ಮುದ್ದೆ ಎಮ್ಮೆಯೆಂದು ಶೀತಲ್, ಕುದುರೆಗಾಡಿಯೆಂದು ಅಂಕಲ್.

ನಾಲ್ಕಕ್ಕೆ ಮಿಸ್ ಕ್ಯಾರೊಲ್ ಜೊತೆ ಮ್ಯೂಸಿಯಂ ಹೆಂಗಸು ಬಂದಳು. ಇಷ್ಟು ಹದವಾಗಿ ತೊಳೆದವರು ಯಾರೆಂದು ಕೇಳಿದಾಗ ಎಲ್ಲರೂ ಗುರುರಾಜನನ್ನೇ ಮುಂದೆ ತಳ್ಳಿದರು. ಅವನು ಬೆಳಗಿನಿಂದ ಮೊದಲ ಸಲ ನೆಟ್ಟಗೆ ಉಸಿರಾಡಿದ. ಅವಳ ಭೂತಗನ್ನಡಿ ಆ ಕಪ್ಪು ಮುದ್ದೆಯ ಮೇಲೆ ನಿಂತಿತು. ಅವನನ್ನು ಕರೆದು ಏನು ಕಾಣುತ್ತದೆ ಎಂದಳು.

ನಾಲ್ಕು ಚಕ್ರ, ಸ್ಟಿಯರಿಂಗು, ಮುಂದೆ ನಂಬರ್ ಪ್ಲೇಟು. ಕುದುರೆ ಎಲ್ಲೂ ಇಲ್ಲ. 1889ರಲ್ಲಿ ಸತ್ತವನು ಇಂಥ ಕಾರು ಬರೆಯುವುದು ಹೇಗೆ?

ಮಸಿ ತೆಗೆದು ಮ್ಯೂಸಿಯಂ ಮೋಸಹೋಗದಂತೆ ಉಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ ಆಕೆ ಹೊರಟಳು. ಶೀತಲ್‌ಗೆ ಮಗುವನ್ನು ಕರೆತರುವ ಹೊತ್ತು ನೆನಪಾಯಿತು, ಅಂಕಲ್‌ಗೆ ಬಿಪಿ ಮಾತ್ರೆ.

ಮಿಸ್ ಕ್ಯಾರೊಲ್ ಬೈಯಲಿಲ್ಲ. ಬಾಗಿಲು ಮೆಲ್ಲಗೆ ಮುಂದೆ ಮಾಡಿ, ದನಿ ತಗ್ಗಿಸಿ, ಆ ಹಿಟ್ಟು ಬಿಸಾಡಿಲ್ಲ ತಾನೆ ಎಂದು ಕೇಳಿದರು. ಕೆರೊಲಿನಾದ ಇನ್ನೊಂದು ಮ್ಯೂಸಿಯಂನವರು ಸೋಮವಾರ ಬರುತ್ತಾರಂತೆ. ಅಷ್ಟರೊಳಗೆ ಗುರುರಾಜ ಮಸಿಯನ್ನೆಲ್ಲ ಮತ್ತೆ ಹಚ್ಚಿಕೊಡಬೇಕಂತೆ.