ವಿದ್ಯೆಯ ನಕ್ಷತ್ರಕ್ಕೆ ನಾಲ್ಕು ಬಿದಿರು

ಜ್ಯೋತಿಷ್ಯವನ್ನು ನಾನು ನಂಬುವುದಿಲ್ಲ. ರಾಯಚೂರಿನ ನಮ್ಮ ಓಣಿಯಲ್ಲಿ ಈ ಸಂಗತಿ ಗೊತ್ತಿಲ್ಲದ ಮನೆ ಒಂದೂ ಇಲ್ಲ, ಯಾಕೆಂದರೆ ನಾನು ಯಾವ ಮನೆಯನ್ನೂ ಬಿಟ್ಟಿಲ್ಲ. ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡಿಕೊಂಡು, ಪಂಚಾಂಗ ಬಿಚ್ಚಿ ಊರಿಗೆಲ್ಲ ಮುಹೂರ್ತ ಹೇಳುವ ಅಪ್ಪನ ಹಿರಿಯ ಮಗ ನಾನು. ಅಂಥವನೇ ನಂಬುವುದಿಲ್ಲ ಎಂದರೆ ಆ ಮಾತಿಗೊಂದು ತೂಕ ಬರುತ್ತದೆ ಎಂಬುದು ನನ್ನ ಅಂದಾಜು. ಪಕ್ಕದ ಮನೆಯ ಬಸಮ್ಮಕ್ಕ ಒಮ್ಮೆ ಮಗನ ಜಾತಕ ಹಿಡಿದುಕೊಂಡು ಬಂದಿದ್ದರು. ಕಟ್ಟೆಯ ಮೇಲೆ ಕೂಡಿಸಿ ವೈಜ್ಞಾನಿಕ ಮನೋಭಾವದ ಮೇಲೆ ಒಂದು ತಾಸು ಭಾಷಣ ಮಾಡಿ ಕಳಿಸಿದೆ. ಚಹಾ ಕೊಡುವುದು ಮರೆತುಹೋಗಿತ್ತು.

ಆದರೆ ಚೀನಾದ ಜ್ಯೋತಿಷ್ಯದ ಮಾತೇ ಬೇರೆ!

ನಾನು ದೇವದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ದಿನಾಲೂ ಬಸ್ಸಿನಲ್ಲಿ ಓಡಾಟ. ಹೋಗುವಾಗ ನಿದ್ದೆ, ಬರುವಾಗ ಫೋನು. ಹಾಗೆ ಬರುವಾಗ ಒಂದು ಸಂಜೆ ಫೋನು ತಾನಾಗಿಯೇ ನನ್ನನ್ನು ಕೇಳಿತು: ನಿಮ್ಮ ಮಗು ವಿದ್ವಾಂಸ ಆಗುತ್ತದೆಯೇ? ಮಗಳ ಅಪ್ಪನಾದವನು ಇಂಥ ಪ್ರಶ್ನೆಯನ್ನು ದಾಟಿ ಮುಂದೆ ಹೋಗಲು ಸಾಧ್ಯವೇ? ಒತ್ತಿದೆ. ಚೀನಾದ ಹಳೆಯ ಶಾಸ್ತ್ರದಲ್ಲಿ ವೆನ್‌ಚಾಂಗ್ ಎಂಬ ವಿದ್ಯೆಯ ನಕ್ಷತ್ರ ಇದೆಯಂತೆ. ಹಿಂದೆ ಅರಸನ ಪರೀಕ್ಷೆಗೆ ಕೂಡುವವರೆಲ್ಲ ಅದಕ್ಕೆ ಕೈ ಮುಗಿದು ಹೋಗುತ್ತಿದ್ದರಂತೆ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು, ಈ ನಾಲ್ಕಕ್ಕೂ ಒಂದೊಂದು ಪ್ರಾಣಿ. ನಕ್ಷತ್ರವನ್ನು ಯಾವ ಪ್ರಾಣಿ ಹೊತ್ತಿದೆ ಎಂಬುದನ್ನು ಹುಟ್ಟಿದ ದಿನ ಹೇಳುತ್ತದೆ. ಆ ಪ್ರಾಣಿ ನಾಲ್ಕರಲ್ಲಿ ಎಲ್ಲಾದರೂ ಸಿಕ್ಕಿತೋ, ಮಗು ಪಂಡಿತ. ಸಿಗಲಿಲ್ಲವೋ, ನಮ್ಮಂತೆ ಗುಮಾಸ್ತ.

ಅಪ್ಪ ಹೇಳಿದ್ದರೆ ನಗುತ್ತಿದ್ದೆ. ಆದರೆ ನನ್ನ ಕೈಯಲ್ಲಿದ್ದ ಫೋನನ್ನು ತಯಾರಿಸಿದವರೇ ಆ ಚೀನಾದವರು. ಇಷ್ಟು ಚೆನ್ನಾಗಿ ಫೋನ್ ತಯಾರಿಸುವವರು ನಕ್ಷತ್ರದ ವಿಷಯದಲ್ಲಿ ತಪ್ಪುತ್ತಾರೆಯೇ?

ಮಗಳ ಹೆಸರು ಪ್ರಣತಿ. ಆಗ ಪಿಯುಸಿ ಮುಗಿಸಿ ಸಿಇಟಿಗೆ ಕೂತಿದ್ದಳು. ಅಗ್ರಿ ಬಿಎಸ್ಸಿ ಮಾಡಬೇಕು ಎಂಬುದು ಅವಳ ಒಂದೇ ಹಟ. ಶಾಲೆಗೆ ಸೇರುವ ತನಕ ಬೆಳೆದದ್ದು ಮಾನ್ವಿಯಲ್ಲಿ, ಅಜ್ಜನ ತೊಡೆಯ ಮೇಲೆ. ಅಜ್ಜನ ಹಿತ್ತಲಿನಲ್ಲಿ ದೇವರಿಗೆ ಹೂವಿನ ಗಿಡ ಹಚ್ಚುತ್ತ ಹಚ್ಚುತ್ತ ಅವಳಿಗೆ ಮಣ್ಣಿನ ಹುಚ್ಚು ಹಿಡಿದಿತ್ತು. ಎರಡು ವರ್ಷ ಟಿವಿಯ ಕಡೆ ತಿರುಗಿ ನೋಡಲಿಲ್ಲ. ಅವಳಷ್ಟಕ್ಕೆ ಅವಳನ್ನು ಬಿಟ್ಟಿದ್ದರೆ ಸಾಕಿತ್ತು. ಈ ಮಾತನ್ನು ನಾನೀಗ ದಿನಾ ಹೇಳಿಕೊಳ್ಳುತ್ತೇನೆ.

ಪರೀಕ್ಷೆ ಎರಡು ದಿನ. ಮೊದಲ ದಿನ ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತ, ಗಣಿತ ಸ್ವಲ್ಪ ಬಿಗಿ ಇತ್ತು ಎಂದಳು. ಅಷ್ಟೇ ಅಂದದ್ದು. ನನಗೆ ಅಷ್ಟೇ ಸಾಕಾಯಿತು. ಅವಳು ಉಂಡು ಮಲಗಿದ ಮೇಲೆ ಫೋನ್ ತೆಗೆದು ಅವಳ ಹುಟ್ಟಿದ ದಿನ ಹಾಕಿದೆ. ಅವಳು ಹುಟ್ಟಿದ ದಿನ ನಾನು ದೇವದುರ್ಗದಲ್ಲಿ ಡ್ಯೂಟಿಯ ಮೇಲಿದ್ದೆ. ಆದರೂ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದ್ದ ಸಂಗತಿ ಅದು: ಸೋಮವಾರ, ನಸುಕಿನ ನಾಲ್ಕು ಗಂಟೆ. ಅಪ್ಪನೇ ಬರೆದಿಟ್ಟದ್ದು, ಶಾಲೆಗೂ ಅಪ್ಪನೇ ಕೊಟ್ಟದ್ದು.

ಫೋನು ಸ್ವಲ್ಪ ಹೊತ್ತು ತಿರುಗಿತು. ವರ್ಷ, ಹಂದಿ. ನಮ್ಮಂಥ ಮನೆಯಲ್ಲಿ ಹಂದಿಯೇ ಎಂದು ಒಂದು ಕ್ಷಣ ಮುಜುಗರವಾಯಿತು. ಆಮೇಲೆ ವರಾಹಸ್ವಾಮಿಯನ್ನು ನೆನೆದು ಒಪ್ಪಿಕೊಂಡೆ. ಆದರೆ ವಿದ್ಯೆಯ ನಕ್ಷತ್ರವನ್ನು ಹೊತ್ತದ್ದು ಇಲಿಯಂತೆ. ನಾಲ್ಕರಲ್ಲಿ ಎಲ್ಲಿ ಹುಡುಕಿದರೂ ಇಲಿ ಇಲ್ಲ. ಅಡಿಗೆಮನೆಯಲ್ಲಿ ದಿನಾ ಓಡಾಡುವ ಇಲಿ, ಬೇಕಾದಾಗ ಮಗಳ ಜಾತಕದಲ್ಲಿ ಇಲ್ಲ!

ಪರಿಹಾರವನ್ನೂ ಫೋನೇ ಹೇಳಿತು. ಓದುವ ಮೇಜಿನ ಹತ್ತಿರ ಹೊಸ ಮಣ್ಣಿನ ಪಾತ್ರೆಯಲ್ಲಿ ನೀರು ತುಂಬಿ ನಾಲ್ಕು ಹಸಿ ಬಿದಿರು ನಿಲ್ಲಿಸಬೇಕು. ಪರೀಕ್ಷೆಯ ದಿನವಾದರೂ ಸರಿ, ಫಲ ಇದೆ. ಆ ಹೊತ್ತಿನಲ್ಲಿ ಫೋನ್ ಬಂದ್ ಇಡಬೇಕು, ಫೋನಿನಿಂದ ದಿಕ್ಕಿನ ಶಕ್ತಿ ಕೆಡುತ್ತದೆ. ಹೀಗೆಂದು ಫೋನೇ ಹೇಳಿದ ಮೇಲೆ ಅನುಮಾನಕ್ಕೆ ಜಾಗ ಎಲ್ಲಿದೆ? ಅವರು ಹೇಳಿದ್ದು ಮೇಜಿನ ಮೇಲೆ ಇಡುವ ಗೇಣುದ್ದದ ಗಿಡ ಎಂಬುದು ನನಗೆ ಹೊಳೆಯಲಿಲ್ಲ. ರಾಯಚೂರಿನಲ್ಲಿ ಬಿದಿರು ಅಂದರೆ ಏಣಿ ಮಾಡುವ ಬಿದಿರು.

ಮರುದಿನ ಬೆಳಿಗ್ಗೆ ಫಿಸಿಕ್ಸ್, ಮಧ್ಯಾಹ್ನ ಕೆಮಿಸ್ಟ್ರಿ. ಹೆಂಡತಿ ವಿಜಯಾಳನ್ನೂ ಮಗಳನ್ನೂ ಪರೀಕ್ಷೆಯ ಕೇಂದ್ರಕ್ಕೆ ಬಿಟ್ಟೆ. ವಿಜಯಾ ಬುತ್ತಿ ಹಿಡಿದುಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ಕೂತಳು. ನಾನು ಕಚೇರಿಗೆ ರಜೆ ಹಾಕಿ ಸೀದಾ ಬಿದಿರಿನ ಅಂಗಡಿಗೆ ಹೋದೆ.

ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು. ತಲೆಗೆ ಬಿಳಿ ಟವೆಲ್ ಹಾಕಿಕೊಂಡಿದ್ದೆ. ಹಣೆಯಲ್ಲಿ ನಾಮ, ಮುಖದ ತುಂಬ ಬೆವರು, ರಾತ್ರಿ ನಿದ್ದೆಯಿಲ್ಲದ ಕೆಂಪು ಕಣ್ಣು. ನಾಲ್ಕು ಹಸಿ ಬಿದಿರು ಬೇಕು ಎಂದೆ. ಅಂಗಡಿಯವನು ನನ್ನ ಮುಖ ನೋಡಿ ಬೀಡಿ ಆರಿಸಿದ. ಚೌಕಾಸಿ ಮಾಡುವ ಮೊದಲೇ ದರ ಇಳಿಸಿದ. ಹಗ್ಗವನ್ನು ಪುಕ್ಕಟೆ ಕೊಟ್ಟ. ಹುಲ್ಲು ಬೇಕೇನು ಎಂದೂ ಮೆಲ್ಲಗೆ ಕೇಳಿದ. ಹುಲ್ಲು ಯಾಕೆಂದು ತಿಳಿಯದೆ ಬೇಡವೆಂದೆ. ಪಕ್ಕದಲ್ಲೇ ಹೊಸ ಮಡಿಕೆಯೂ ಸಿಕ್ಕಿತು. ಆಟೋದವನು ನಾನು ಹತ್ತುತ್ತಲೇ ಹಾಡು ಬಂದ್ ಮಾಡಿ, ದಾರಿಯುದ್ದಕ್ಕೂ ಹಾರ್ನ್ ಹಾಕದೆ ಮೆಲ್ಲಗೆ ಓಡಿಸಿದ. ಇಷ್ಟು ಮರ್ಯಾದೆ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ನಕ್ಷತ್ರ ಆಗಲೇ ಕೆಲಸ ಶುರು ಮಾಡಿದೆ ಎಂದುಕೊಂಡೆ.

ಹಸಿ ಬಿದಿರು, ಹಗ್ಗ, ಹೊಸ ಮಡಿಕೆ. ಈ ಮೂರನ್ನು ಒಟ್ಟಿಗೆ ಮನೆಗೆ ತರುವುದು ಯಾವಾಗ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಚಟ್ಟ ಕಟ್ಟುವಾಗ. ಪುರೋಹಿತರ ಮನೆಯಲ್ಲಿ ಹುಟ್ಟಿದ ನನಗೊಬ್ಬನಿಗೆ ಅಂದು ಅದು ನೆನಪಾಗಲಿಲ್ಲ. ನನ್ನ ತಲೆ ಚೀನಾದಲ್ಲಿತ್ತು.

ಬಸಮ್ಮಕ್ಕ ನಳದ ಹತ್ತಿರ ಇದ್ದರು. ಕೊಡ ಕೆಳಗಿಟ್ಟರು.

"ಆಚಾರ್ರೀ, ಇದೇನ್ರೀ ತರಾಕತ್ತೀರಿ? ಏನಾತ್ರೀ?"

ಅಲ್ಲಿ ಒಂದೇ ಒಂದು ಮಾತು ನಿಜ ಹೇಳಬೇಕಿತ್ತು. ಆದರೆ ಇದೇ ಬಸಮ್ಮಕ್ಕನಿಗೆ ನಾನು ವೈಜ್ಞಾನಿಕ ಮನೋಭಾವದ ಭಾಷಣ ಮಾಡಿದ್ದೆ. ಚಹಾ ಬೇರೆ ಕೊಟ್ಟಿರಲಿಲ್ಲ. ಅವರೆದುರು ಚೀನಾದ ಇಲಿಯ ಕಥೆ ಹೇಳುವುದು ಹೇಗೆ? "ಆಮ್ಯಾಲೆ ಹೇಳ್ತೀನ್ರೀ" ಎಂದು ತಲೆ ತಗ್ಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಶಾಸ್ತ್ರಪ್ರಕಾರ ಫೋನ್ ಬಂದ್ ಮಾಡಿದೆ.

ಮುಂದಿನ ಎರಡು ತಾಸು ನಾನು ಬಿದಿರಿನೊಂದಿಗೆ ಹೋರಾಡಿದೆ. ನಿಲ್ಲಿಸಿದರೆ ಫ್ಯಾನಿಗೆ ತಾಗುತ್ತಿತ್ತು, ಓರೆ ಮಾಡಿದರೆ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಹೊರಗೆ ಹೋದ ತುದಿಯನ್ನು ಓಣಿಯೆಲ್ಲ ನೋಡುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಕಡೆಗೆ ಮಡಿಕೆ ಒಡೆದು, ನೀರು ಮಗಳ ಕೆಮಿಸ್ಟ್ರಿ ನೋಟ್ಸಿನ ಮೇಲೆ ಹರಿಯಿತು. ಅದನ್ನು ಅರಿವೆಯಿಂದ ಒರೆಸುವಾಗ ಹೊರಗೆ ಗುಜುಗುಜು ಕೇಳಿಸಿತು. ಬಾಗಿಲು ತೆಗೆದೆ. ಅಂಗಳದ ತುಂಬ ಓಣಿಯವರು. ಯಾರೋ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಒಬ್ಬ ಹಿರಿಯರು ಬಂದು ನನ್ನ ಕೈ ಹಿಡಿದು ಸುಮ್ಮನೆ ನಿಂತರು. ಅವರ ಕಣ್ಣಲ್ಲಿ ನೀರಿತ್ತು.

ಆಗ ತಿಳಿಯಿತು. ಒಳಗೆ ಓಡಿ ಫೋನ್ ಚಾಲೂ ಮಾಡಿದರೆ ವಿಜಯಾಳ ಕರೆಗಳ ಸಾಲು, ಕೊನೆಗೊಂದು ಸಂದೇಶ: ನಾವು ಮಾನ್ವಿ ಬಸ್ ಹತ್ತಿದ್ದೇವೆ, ನೀವು ಬಿದಿರು ತೊಗೊಂಡು ಬರ್ರಿ.

ನಡೆದದ್ದು ಇಷ್ಟು. ಬಸಮ್ಮಕ್ಕ ಪಾಪ, ಒಳ್ಳೆಯ ಮನಸ್ಸಿನಿಂದ ವಿಜಯಾಳಿಗೆ ಫೋನ್ ಮಾಡಿದ್ದರು. ಮಾನ್ವಿಯ ಅಜ್ಜ ತೀರಿಕೊಂಡಿರಬೇಕು, ಅಲ್ಲಿ ಹಸಿ ಬಿದಿರು ಸಿಕ್ಕಿರಲಿಕ್ಕಿಲ್ಲ, ಅದಕ್ಕೇ ಆಚಾರರು ಇಲ್ಲಿಂದ ಒಯ್ಯುತ್ತಿದ್ದಾರೆ ಎಂದು ತಾವೇ ಲೆಕ್ಕ ಹಾಕಿ ಹೇಳಿದ್ದರು. ವಿಜಯಾ ನನಗೆ ಫೋನ್ ಹಚ್ಚಿದರೆ ಬಂದ್. ಮಾನ್ವಿಗೆ ಹಚ್ಚಿದರೆ ಎತ್ತುವವರಿಲ್ಲ. ಅಪ್ಪ ಮಡಿಯಲ್ಲಿದ್ದರೆ ಪೂಜೆ ಮುಗಿಯುವವರೆಗೆ ಫೋನು ಮುಟ್ಟುವುದಿಲ್ಲ. ಅಪ್ಪನ ಜೊತೆಗಿರುವ ನನ್ನ ತಮ್ಮ ಅಂದು ಹೆಂಡತಿ ಮಕ್ಕಳೊಂದಿಗೆ ಒಂದು ಮದುವೆಗೆ ಹೋಗಿದ್ದ, ಬ್ಯಾಂಡಿನ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಲ್ಲ. ಅಷ್ಟರಲ್ಲಿ ಫಿಸಿಕ್ಸ್ ಮುಗಿಸಿ ಮಗಳು ಹೊರಗೆ ಬಂದಿದ್ದಾಳೆ. ಅವ್ವನ ಮುಖ ನೋಡಿದ್ದಾಳೆ. ಕೆಮಿಸ್ಟ್ರಿ ಮುಗಿಯುವ ತನಕ ಮುಚ್ಚಿಡಬೇಕೆಂದು ವಿಜಯಾ ಸೆರಗು ಬಾಯಿಗೆ ಒತ್ತಿಕೊಂಡರೂ ಆಗಲಿಲ್ಲವಂತೆ. ಇದೊಂದು ಬರೆದು ಹೋಗೋಣ ಎಂದು ಅವಳು ಕೈ ಮುಗಿದಾಗ ಮಗಳು ಹೇಳಿದ ಮಾತನ್ನು ವಿಜಯಾ ನನಗೆ ಆಮೇಲೆ ಹೇಳಿದಳು.

"ಕೆಮಿಸ್ಟ್ರಿ ಮುಂದಿನ ವರ್ಷನೂ ಇರ್ತದವ್ವಾ. ಅಜ್ಜ ಇರ್ತಾನೇನು?"

ನಾನು ವಿಜಯಾಳಿಗೆ ಫೋನ್ ಹಚ್ಚಬೇಕೆನ್ನುವಷ್ಟರಲ್ಲಿ ಮಾನ್ವಿಯಿಂದಲೇ ಕರೆ ಬಂತು. ಎತ್ತಿದೆ. ಅಪ್ಪನ ದನಿ.

"ಗುರ್ಯಾ, ನಿನ್ನ ಹೆಂಡತಿ ಅಂಗಳದಾಗ ಅಳ್ಕೋತ ನಿಂತಾಳ. ಕೂಸು ನನ್ನ ಅಪ್ಪಿಕೊಂಡು ಬಿಡವಲ್ಲದು, ಮಡಿ ಎಲ್ಲಾ ಹೋತು. ನಾ ಸತ್ತೀನಂತ. ಖರೇ ಏನು?"

ಇಲ್ಲಪ್ಪಾ ಎಂದೆ. ಬೇರೆ ಏನು ಹೇಳಲಿ?

ಗಡಿಯಾರ ನೋಡಿದೆ. ಮಾನ್ವಿಯಿಂದ ರೆಕ್ಕೆ ಕಟ್ಟಿಕೊಂಡು ಬಂದರೂ ಕೆಮಿಸ್ಟ್ರಿಗೆ ಮುಟ್ಟುವ ಹಾಗಿರಲಿಲ್ಲ. ಒಂದು ವಿಷಯ ಬರೆಯದಿದ್ದರೆ ರ‍್ಯಾಂಕ್ ಇಲ್ಲ. ರ‍್ಯಾಂಕ್ ಇಲ್ಲದಿದ್ದರೆ ಅಗ್ರಿ ಇಲ್ಲ. ಎರಡು ವರ್ಷ ಆ ಹುಡುಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದನ್ನು ನಾನು ಒಂದು ಮುಂಜಾನೆಯಲ್ಲಿ ಕಳೆದಿದ್ದೆ. ಅಂಗಳದಲ್ಲಿದ್ದವರಿಗೆ ಅಪ್ಪ ಚೆನ್ನಾಗಿದ್ದಾರೆ ಎಂದು ಹೇಳಿದೆ. ಬಿದಿರು ಯಾಕೆ ಎಂದು ಕೇಳಿದರು. ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಬಸಮ್ಮಕ್ಕ ಒಳಗೆ ಹೋಗಿ ನನಗೆ ಚಹಾ ಮಾಡಿ ತಂದರು.

ಮೋಟಾರ್‌ಸೈಕಲ್ ಹತ್ತಿ ಮಾನ್ವಿಗೆ ಹೋದೆ. ಪಡಸಾಲೆಯಲ್ಲಿ ಪ್ರಣತಿ ಅಜ್ಜನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ನನ್ನನ್ನು ನೋಡಿ ಆ ಕಡೆ ಮಗ್ಗುಲಾದಳು. ನಾನು ಗೋಡೆಗೆ ಆತು ಕೂತು, ವೆನ್‌ಚಾಂಗ್‌ನಿಂದ ಮಡಿಕೆಯವರೆಗೆ ಎಲ್ಲ ಒಪ್ಪಿಸಿದೆ. ಮಗಳ ಹಣೆಯಲ್ಲಿ ವಿದ್ಯೆ ಇಲ್ಲ ಎಂದು ತೋರಿಸಿತು, ಅದಕ್ಕೆ ಹೆದರಿದೆ ಎಂದೆ. ವಿಜಯಾ, ಯಾವ ದಿನ ಹಾಕಿದಿರಿ ಎಂದು ಕೇಳಿದಳು. ಸೋಮವಾರ ಎಂದೆ.

"ಹಡದಾಕಿ ನಾನು" ಎಂದಳು. "ಸೋಮವಾರ ದಿನಾ ಪೂರ್ತಿ ಬ್ಯಾನಿ ತಿಂದು, ರಾತ್ರಿ ಕಳದು, ಮಂಗಳವಾರ ನಸುಕಿನ್ಯಾಗ ಹಡದೀನಿ. ಇನ್ನಾ ಸೂರ್ಯ ಹುಟ್ಟಿದ್ದಿಲ್ಲಂತ ನಿಮ್ಮ ಮನ್ಯಾಗ ಅದು ಸೋಮವಾರ ಆತು. ನಿಮ್ಮ ಚೀನಾದವರಿಗೆ ಅದು ಹ್ಯಾಂಗ ಗೊತ್ತಾಗಬೇಕು? ಫೋನಿಗೆ ಕೇಳೋದು ಬಿಟ್ಟು ನನಗೊಂದು ಮಾತು ಕೇಳಿದ್ರ ಆಗ್ತಿದ್ದಿಲ್ಲೇನು?"

ಅಪ್ಪನ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಚೀನಾದವರ ದಿನ ಹಿಂದಿನ ರಾತ್ರಿಯೇ ಶುರುವಾಗುತ್ತದೆ, ಅವರ ಲೆಕ್ಕದಲ್ಲಿ ಆ ನಸುಕು ಆಗಲೇ ಮಂಗಳವಾರ. ನಾನು ಅಪ್ಪನ ಲೆಕ್ಕವನ್ನು ಆಡಿಕೊಳ್ಳುತ್ತ ಬೆಳೆದವನು, ಅದೇ ಲೆಕ್ಕವನ್ನು ಕಣ್ಣು ಮುಚ್ಚಿ ಚೀನಾಕ್ಕೆ ಕಳಿಸಿದ್ದೆ. ಅಲ್ಲೇ ಫೋನ್ ತೆಗೆದು ಮಂಗಳವಾರದ ತಾರೀಖು ಹಾಕಿ ನೋಡಿದೆ. ಆ ದಿನ ನಕ್ಷತ್ರವನ್ನು ಹೊತ್ತದ್ದು ಇಲಿಯಲ್ಲ, ಹುಲಿ. ನಸುಕಿನ ನಾಲ್ಕು ಗಂಟೆ ಹುಲಿಯ ಹೊತ್ತು. ನನ್ನ ಮಗಳ ಜಾತಕದಲ್ಲಿ ವಿದ್ಯೆಯ ನಕ್ಷತ್ರ ಮೊದಲಿನಿಂದಲೂ ಇತ್ತು. ಬಿದಿರು ಬೇಕಾಗಿರಲಿಲ್ಲ. ಅದನ್ನು ಅವಳಿಗೆ ತೋರಿಸಿದೆ. ಅವಳು ಫೋನನ್ನು ನೋಡದೆ ನನ್ನ ಮುಖ ನೋಡಿದಳು.

"ನಕ್ಷತ್ರ ಇರ್ಲಿ ಅಪ್ಪಾ. ನಾ ಓದಿದ್ದು ನೀ ನೋಡಿದ್ದಿಲ್ಲೇನು?"

ನೋಡಿದ್ದೆ. ಎರಡು ವರ್ಷ ದಿನಾಲೂ ನೋಡಿದ್ದೆ.

ಅಪ್ಪ ಮಾತ್ರ ಖುಷಿಯಾಗಿದ್ದಾರೆ. ಸತ್ತರೆ ಯಾರು ಎಲ್ಲಿಂದ ಓಡಿ ಬರುತ್ತಾರೆಂದು ಬದುಕಿರುವಾಗಲೇ ನೋಡಿದೆ ಎಂದು ಗುಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಬಿದಿರನ್ನು ವಿಜಯಾ ಮಾಳಿಗೆಯ ಮೇಲೆ ಅರಿವೆ ಒಣಗಿಸಲು ಕಟ್ಟಿಸಿದಳು. ನಾನು ಒಂದು ದಿನ ದೇವದುರ್ಗದ ಬಸ್ಸಿನಲ್ಲಿ, ಯಾರೂ ನೋಡದ ಹಾಗೆ, ನನ್ನ ಹುಟ್ಟಿದ ದಿನವನ್ನೂ ಹಾಕಿ ನೋಡಿದೆ. ವಿದ್ಯೆಯ ನಕ್ಷತ್ರ ಎರಡು ಕಡೆ ಇದೆಯಂತೆ, ಅಪರೂಪದ ಪಂಡಿತನಂತೆ! ಅಲ್ಲಿಗೆ ಆ ಶಾಸ್ತ್ರದ ಮೇಲಿನ ನಂಬಿಕೆ ಪೂರ್ತಿ ಹೋಯಿತು.

ಪ್ರಣತಿ ಮತ್ತೆ ಅದೇ ಮೇಜಿನಲ್ಲಿ ಕೂತು ಓದುತ್ತಿದ್ದಾಳೆ. ಈ ಸಲದ ಪರೀಕ್ಷೆಗೆ ಏನು ಮಾಡಲಿ ಎಂದು ಮೊನ್ನೆ ಮೆಲ್ಲಗೆ ಕೇಳಿದೆ. ಒಂದೇ ಕೆಲಸ ಕೊಟ್ಟಳು. "ಅಪ್ಪಾ, ನೀ ಆ ಎರಡು ದಿನ ಅಜ್ಜನ ಕಡೆ ಹೋಗಿ ಕೂಡು. ಅಜ್ಜ ಮಡಿಲೆ ಇದ್ದಾಗ ಫೋನ್ ಬಂದ್ರ ನೀ ಎತ್ತು."

ಹೀಗಾಗಿ ಎರಡು ಕಡೆ ನಕ್ಷತ್ರ ಹೊತ್ತ ಪಂಡಿತನಾದ ನಾನು, ಮಗಳು ಪರೀಕ್ಷೆ ಬರೆಯುವಾಗ ಮಾನ್ವಿಯ ಪಡಸಾಲೆಯಲ್ಲಿ ಫೋನ್ ಹಿಡಿದುಕೊಂಡು ಕೂತಿರುತ್ತೇನೆ. ಯಾರಾದರೂ ಕೇಳಿದರೆ, ಅಪ್ಪ ಇದ್ದಾರೆ ಎಂದು ಹೇಳಬೇಕು. ಅಷ್ಟು ವಿದ್ಯೆ ನನಗಿದೆ ಎಂದು ಮಗಳು ನಂಬಿದ್ದಾಳೆ.